ಕಿವಿ ಪರೀಕ್ಷೆಯಲ್ಲಿ ಮೊದಲನೆಯವನು

ನನ್ನ ತಮ್ಮ ನೌಕಾಪಡೆಗೆ ಸೇರಿದ್ದು ಫಿರಂಗಿ ಹಾರಿಸಲು. ಕೈಗೆ ಸಿಕ್ಕಿದ್ದು ಸೂಪಿನ ಸೌಟು. ಚುಚ್ಚಿ ಹೇಳುತ್ತಿಲ್ಲ, ನಡೆದದ್ದೇ ಹಾಗೆ. ಭರ್ತಿಯ ದಿನ ಓಟದಲ್ಲಿ ಪಾಸಾದ, ಈಜಿನಲ್ಲಿ ಪಾಸಾದ, ಎದೆಯುಬ್ಬಿಸಿ ಅಳತೆ ಕೊಟ್ಟ. ಕೊನೆಗೆ ಒಬ್ಬ ಡಾಕ್ಟರು ಬಣ್ಣದ ಚುಕ್ಕೆಗಳಿದ್ದ ಪುಸ್ತಕ ತೆರೆದು ಇದರೊಳಗೆ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರು. ಅವನಿಗೆ ಬರೀ ಚುಕ್ಕೆಗಳು ಕಂಡವು. ಇಪ್ಪತ್ತೆರಡು ವರ್ಷ ನಮ್ಮ ಕಣ್ಣೆದುರೇ ಬೆಳೆದ ಹುಡುಗನಿಗೆ ಕೆಂಪು ಯಾವುದು ಹಸಿರು ಯಾವುದು ಎಂದು ಸರಿಯಾಗಿ ಗೊತ್ತಾಗುವುದಿಲ್ಲ ಎನ್ನುವುದು ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಹಡಗಿನ ಸಂಕೇತ ದೀಪಗಳೋ, ಕೆಂಪು ಮತ್ತು ಹಸಿರು. ಹಾಗಾಗಿ ಅವನಿಗೆ ಮೂರೇ ಬಾಗಿಲು ತೆರೆದಿದ್ದವು: ಗುಮಾಸ್ತಿಕೆ, ಅಡುಗೆ, ಇಲ್ಲವೆ ಸ್ಟೀವರ್ಡ್, ಅಂದರೆ ಅಧಿಕಾರಿಗಳ ಊಟದ ಮನೆಯಲ್ಲಿ ಬಡಿಸುವವನು. ಅವನ ಅಕ್ಷರ ಅವನಿಗೇ ಓದಲು ಬರುತ್ತಿರಲಿಲ್ಲ. ನೀರು ಕಾಯಿಸಲು ಹೇಳಿದರೆ ಪಾತ್ರೆಯ ತಳ ಸುಡುತ್ತಿದ್ದ. ಮೂರನೆಯದಕ್ಕೆ ಸಹಿ ಹಾಕಿ ಮನೆಗೆ ಬಂದ.

ಕಾಗದದಲ್ಲಿ ಮಾತ್ರ ದೊಡ್ಡ ಹೆಸರಿತ್ತು: ಆತಿಥ್ಯ ವಿಭಾಗ. ಅಪ್ಪ ಅದನ್ನು ಎರಡು ಸಲ ಓದಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅಪ್ಪನದು ಬೀಗ ರಿಪೇರಿ ಅಂಗಡಿ. ಇಡೀ ಬೀದಿಯ ಬೀಗಗಳನ್ನು ತೆರೆಯಬಲ್ಲ ಮನುಷ್ಯನಿಗೆ ಮನೆಯಲ್ಲಿ ಬಾಯಿ ತೆರೆಯುವುದು ಮಾತ್ರ ಕಷ್ಟ. ಆದರೂ ಅಂಗಡಿಗೆ ಬಂದವರಿಗೆ, "ನಮ್ಮ ಹುಡುಗ ಕ್ಯಾಪ್ಟನ್ ಪಕ್ಕದಲ್ಲೇ ನಿಂತಿರ್ತಾನೆ" ಎಂದು ಹೇಳತೊಡಗಿದ. ಸುಳ್ಳೇನಲ್ಲ. ತಟ್ಟೆ ಹಿಡಿದುಕೊಂಡು ನಿಂತಿರುತ್ತಾನೆ ಎಂಬುದನ್ನು ಹೇಳುತ್ತಿರಲಿಲ್ಲ, ಅಷ್ಟೆ. ಅಮ್ಮ ಹೊಲಿಗೆ ಯಂತ್ರದ ಮುಂದಿಂದ ಏಳಲಿಲ್ಲ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ಅವಳದು, ಶಾಲೆ ತೆರೆಯುವ ತಿಂಗಳು ಅದು. ಬಾಯಲ್ಲಿದ್ದ ದಾರ ತೆಗೆದು, "ಹಸಿದವರ ಮುಂದೆ ನಿಲ್ಲೋ ಕೆಲಸ. ಬಿಡು, ಒಳ್ಳೇದೇ" ಅಂದಳು.

ತರಬೇತಿ ಐದು ತಿಂಗಳು. ಅಲ್ಲಿನ ಗುರುವನ್ನು ಹುಡುಗರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಹಡಗುಗಳಲ್ಲಿ ಬಡಿಸಿ, ಮಂಡಿ ಸವೆದು ದಡಕ್ಕೆ ಬಂದ ಮುದುಕ. ಎಡಗಡೆಯಿಂದ ಬಡಿಸಬೇಕು, ಬಲಗಡೆಯಿಂದ ತೆಗೆಯಬೇಕು. ಬಟ್ಟಲಿಗೆ ಅರ್ಧ ಮಾತ್ರ ಚಹಾ. ಅಲೆ ಎದ್ದ ದಿನ ಮೇಜಿನ ಬಟ್ಟೆಗೆ ನೀರು ಚಿಮುಕಿಸಿ ಒದ್ದೆ ಮಾಡಬೇಕು, ಒದ್ದೆ ಬಟ್ಟೆಯ ಮೇಲೆ ತಟ್ಟೆ ಜಾರುವುದಿಲ್ಲ. ಒಂದು ತೋಳಿನ ಮೇಲೆ ಮೂರು ತಟ್ಟೆ ಹೊತ್ತು ಕಡಿದಾದ ಕಬ್ಬಿಣದ ಏಣಿ ಇಳಿಯಬೇಕು, ಕಾಲು ನೋಡಕೂಡದು. ಇವನ್ನೆಲ್ಲ ಕಲಿಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಹುಡುಗರು ಹೆದರುತ್ತಿದ್ದದ್ದು ಕೊನೆಯ ವಾರದ ಪರೀಕ್ಷೆಗೆ. ಅದಕ್ಕೆ ಅವರೇ ಇಟ್ಟ ಹೆಸರು ಕಿವಿ ಪರೀಕ್ಷೆ.

ಅಧಿಕಾರಿಗಳು ಊಟದ ಮೇಜಿನಲ್ಲಿ ಏನೇನೋ ಮಾತಾಡುತ್ತಾರೆ. ಹಡಗು ಎಲ್ಲಿಗೆ ಹೋಗುತ್ತದೆ, ಯಾರಿಗೆ ವರ್ಗ, ಯಾರ ಹೆಂಡತಿ ಮನೆ ಬಿಟ್ಟು ಹೋದಳು, ಎಲ್ಲ. ಪಕ್ಕದಲ್ಲಿ ಸೌಟು ಹಿಡಿದು ನಿಂತವನಿಗೆ ಅದು ಕೇಳಿಸುವಂತಿಲ್ಲ. ಕೇಳಿಸಿದರೂ ಕೇಳಿಸಿಲ್ಲ. "ಮೇಜಿನ ಹತ್ರ ನಿಂಗೆ ಕಣ್ಣು, ಕೈ, ಎರಡೇ ಇರೋದು. ಕಿವಿ ಬಿಚ್ಚಿ ಪ್ಯಾಂಟ್ರಿಯ ಮೊಳೆಗೆ ನೇತುಹಾಕಿ ಬಾ" ಎಂದು ಮೇಸ್ತ್ರಿ ಹೇಳುತ್ತಿದ್ದ. ಪ್ಯಾಂಟ್ರಿ ಎಂದರೆ ಊಟದ ಮನೆಗೆ ಅಂಟಿಕೊಂಡ, ತಟ್ಟೆ ಲೋಟ ಇಡುವ ಸಣ್ಣ ಕೋಣೆ. ಪರೀಕ್ಷೆಯ ದಿನ ಮೇಸ್ತ್ರಿಯೂ ಇನ್ನು ಮೂವರೂ ಅಧಿಕಾರಿಗಳ ಹಾಗೆ ಕೂರುತ್ತಿದ್ದರು. ಬಡಿಸುವ ಹುಡುಗನ ಬಗ್ಗೆಯೇ ಬಾಯಿಗೆ ಬಂದದ್ದು ಮಾತಾಡುತ್ತಿದ್ದರು. ಅವನ ನಡಿಗೆ, ಅವನ ಮುಖ, ಅವನ ಅಕ್ಕ ತಂಗಿಯರು. ಹುಬ್ಬು ಹಾರಿದರೆ ಫೇಲು. ಕಿವಿ ಕೆಂಪಾದರೂ ಫೇಲು. ಒಬ್ಬ ಹುಡುಗ ಗೊಳ್ಳೆಂದು ನಕ್ಕು ಫೇಲಾದ, ಇನ್ನೊಬ್ಬ ಅತ್ತ. ನನ್ನ ತಮ್ಮ ನಾಲ್ಕು ಬಗೆಯ ಊಟವನ್ನು ಮೊದಲಿನಿಂದ ಕೊನೆಯವರೆಗೆ ಬಡಿಸಿ, ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನೂ ಗುಡಿಸಿಕೊಂಡು ಹೊರಗೆ ಬಂದ. ಆ ತಂಡದಲ್ಲಿ ಅವನೇ ಮೊದಲಿಗ. ಜೀವನದಲ್ಲಿ ಅವನು ಯಾವುದರಲ್ಲಾದರೂ ಮೊದಲಿಗನಾದದ್ದು ಅದೊಂದೇ ಸಲ.

ಪಾಸಾಗಿ ಹತ್ತು ದಿನ ರಜೆಗೆ ಬಂದವನನ್ನು ನಾನು ಸುಮ್ಮನೆ ಬಿಡುತ್ತೇನೆಯೆ? ಬಿಳಿ ಕೋಟು ಹಾಕಿಸಿ, ನಮ್ಮ ಮೂವರಿಗೂ ಬಡಿಸು ಎಂದು ಕೂತೆ. "ಲೋ, ನಿನ್ನ ಪ್ಯಾಂಟು ಹಿಂದೆ ಹರಿದಿದೆ ಕಣೋ" ಅಂದೆ. ತುಟಿ ಪಿಟಕ್ಕೆನ್ನಲಿಲ್ಲ. ಚಿಕ್ಕವನಿದ್ದಾಗ ಹಾಸಿಗೆ ಒದ್ದೆ ಮಾಡುತ್ತಿದ್ದ ಕಥೆ ತೆಗೆದೆ. ಅಪ್ಪ ನಕ್ಕು ನಕ್ಕು ಕೆಮ್ಮಿದ. ಇವನು ಅಪ್ಪನ ಲೋಟಕ್ಕೆ ನೀರು ತುಂಬಿ ಒಂದು ಹೆಜ್ಜೆ ಹಿಂದೆ ಸರಿದು ಗೋಡೆ ನೋಡುತ್ತ ನಿಂತ. ಅಮ್ಮ ಮಾತ್ರ ಆ ಆಟಕ್ಕೆ ಸೇರಲಿಲ್ಲ. "ಸಾಕು, ಕೋಟು ಬಿಚ್ಚಿಟ್ಟು ಊಟಕ್ಕೆ ಕೂತ್ಕೋ. ಮನೇಲಿ ನಾನು ಕರೆದ್ರೆ ತಿರುಗಿ ನೋಡೋ ಹಾಗಿರು" ಅಂದಳು. ಅವನು ಕೋಟು ಬಿಚ್ಚಿಟ್ಟ.

ಹಡಗಿಗೆ ಹೋದ ಮೊದಲ ವರ್ಷ ಪರೀಕ್ಷೆಯ ವರ್ಷ. ವರ್ಷದ ಕೊನೆಗೆ ಅಧಿಕಾರಿಗಳು ಬರೆಯುವ ವರದಿಯ ಮೇಲೆ, ಊಟದ ಮನೆಯಲ್ಲೇ ಉಳಿಯುತ್ತಾನೋ ಅಥವಾ ಉಗ್ರಾಣದಲ್ಲಿ ಮೂಟೆ ಹೊರುತ್ತಾನೋ ಎಂದು ತೀರ್ಮಾನ. ವರದಿ ಬರೆಯುವವರು ಹಡಗಿನ ಎರಡನೆಯ ಅಧಿಕಾರಿ. ನಿಮಿಷ ತಪ್ಪದ ಮನುಷ್ಯ, ಅದಕ್ಕೇ ಹಿಂದಿನಿಂದ ಎಲ್ಲರೂ ಅವರನ್ನು ಗಡಿಯಾರ ಸಾಹೇಬರು ಎನ್ನುತ್ತಿದ್ದರು. ಕೆಟ್ಟವರಲ್ಲ. ಇದನ್ನು ನಾನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ, ಆದರೂ ಕೆಟ್ಟವರಲ್ಲ.

ಎಂಟನೆಯ ತಿಂಗಳಲ್ಲಿ, ಒಂದು ಶನಿವಾರ ಬೆಳಿಗ್ಗೆ, ಅಮ್ಮ ಹೊಲಿಗೆ ಯಂತ್ರದ ಮೇಲೆಯೇ ತಲೆಯಿಟ್ಟಳು. ನಿದ್ದೆ ಬಂದಿರಬೇಕು ಎಂದುಕೊಂಡು ನಾನು ಪೆದ್ದಿಯ ಹಾಗೆ ಚಹಾ ಮಾಡಿ ತಂದೆ. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, "ಹೃದಯ ತುಂಬಾ ಸೋತಿದೆ. ಎರಡು ದಿನವೋ, ಒಂದು ವಾರವೋ. ಬರೋರಿದ್ರೆ ಕರೆಸಿಕೊಳ್ಳಿ" ಅಂದರು. ನಮಗೆ ಬರಬೇಕಾದವನು ಒಬ್ಬನೇ.

ನೌಕಾಪಡೆಯವರ ಕುಟುಂಬಗಳಿಗೆಂದು ಒಂದು ಕಚೇರಿ ಇದೆ. ಡಾಕ್ಟರ ಚೀಟಿ ಹಿಡಿದು ಅಲ್ಲಿಗೆ ಓಡಿದೆ. ಕಿಟಕಿಯಾಚೆಯ ಗುಮಾಸ್ತ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹಡಗು ಸಮುದ್ರದಲ್ಲಿದೆ ಕಣಮ್ಮ. ಸಂದೇಶ ಹೋಗತ್ತೆ. ಹುಡುಗನಿಗೆ ಯಾವಾಗ ತಿಳಿಸ್ತಾರೋ, ಯಾವಾಗ ಬಿಡ್ತಾರೋ, ಅದು ಅವರಿಗೆ ಬಿಟ್ಟಿದ್ದು" ಅಂದ. ಟಪ್ಪೆಂದು ಮುದ್ರೆ ಒತ್ತಿದ. ಆ ಮುದ್ರೆಯ ಸದ್ದಿಗೆ ನನಗೆ ಅರ್ಧ ಕೆಲಸ ಮುಗಿಯಿತು ಅನ್ನಿಸಿತು.

ಇನ್ನು ಮುಂದಿನದು ನಾನು ಕಂಡದ್ದಲ್ಲ. ವರ್ಷಗಟ್ಟಲೆ ಅವನ ಬಾಯಿಂದ ಕೆದಕಿ ಕೆದಕಿ ತೆಗೆದದ್ದು.

ಭಾನುವಾರ ಮಧ್ಯಾಹ್ನ. ಮೇಜಿನ ಸುತ್ತ ಹನ್ನೊಂದು ಜನ ಅಧಿಕಾರಿಗಳು, ತಲೆಯ ಕಡೆ ಕ್ಯಾಪ್ಟನ್, ಅವರ ಬಲಕ್ಕೆ ಗಡಿಯಾರ ಸಾಹೇಬರು, ಎದುರಿಗೆ ಹಡಗಿನ ಡಾಕ್ಟರು. ನನ್ನ ತಮ್ಮ ಸೂಪಿನ ಪಾತ್ರೆ ಹಿಡಿದು ಗಡಿಯಾರ ಸಾಹೇಬರ ಎಡಕ್ಕೆ ಬಂದ. ಸಾಹೇಬರು ಜೇಬಿನಿಂದ ಒಂದು ಚೀಟಿ ತೆಗೆದರು.

"ಇನ್ನೊಂದಿದೆ ಸರ್. ಬೆಳಿಗ್ಗೆ ದಡದಿಂದ ಬಂದದ್ದು. ನಮ್ಮ ಹೊಸ ಸ್ಟೀವರ್ಡ್ ತಾಯಿಗೆ ಹೃದಯದ ತೊಂದರೆ, ಆಸ್ಪತ್ರೆಯಲ್ಲಿದ್ದಾರೆ. ಹೆಚ್ಚು ದಿನ ಇಲ್ವಂತೆ. ಹುಡುಗನ್ನ ಕಳಿಸಿಕೊಡಿ ಅಂತ ಮನೆಯವರು ಕೇಳಿದ್ದಾರೆ."

"ಯಾವುದರಲ್ಲಿ ಕಳಿಸೋದು?" ಎಂದರು ಕ್ಯಾಪ್ಟನ್. "ಗುರುವಾರದ ತನಕ ನಾವು ದಡ ಕಾಣಲ್ಲ."

"ತಿಳಿಸಿಯಾದ್ರೂ ಬಿಡೋದು ಒಳ್ಳೇದಲ್ವಾ?" ಎಂದರು ಡಾಕ್ಟರು.

"ತಿಳಿಸಿ ಏನ್ಮಾಡ್ಲಿ ಡಾಕ್ಟ್ರೇ? ನಾಲ್ಕು ದಿನ ಈ ಡಬ್ಬಿಯೊಳಗೆ ಒದ್ದಾಡ್ತಾನೆ. ಬುಧವಾರ ಬೇರೆ ಜೊತೆಯ ಹಡಗುಗಳಿಂದ ಇಪ್ಪತ್ತನಾಲ್ಕು ಜನ ಅತಿಥಿಗಳು ಬರ್ತಾರೆ. ಗುರುವಾರ ಹಗ್ಗ ಕಟ್ಟಿದ ತಕ್ಷಣ ನಾನೇ ಹೇಳಿ ಕಳಿಸ್ತೀನಿ."

"ಸರಿ" ಎಂದು ಕ್ಯಾಪ್ಟನ್ ಚಮಚ ಎತ್ತಿಕೊಂಡರು.

ಅಷ್ಟು ಹೊತ್ತೂ ಗಡಿಯಾರ ಸಾಹೇಬರ ಬಟ್ಟಲಿಗೆ ಸೂಪು ಬೀಳುತ್ತಲೇ ಇತ್ತು. ಅವರು ತಲೆಯೆತ್ತದೆ ಅಂಗೈ ಅಡ್ಡ ಹಿಡಿದು ಸಾಕು ಎಂದರು. ಇವನು ಸೌಟು ಎತ್ತಿ ಮುಂದಿನವರ ಎಡಕ್ಕೆ ಹೋದ. ಆ ಹನ್ನೊಂದು ಜನ ಓದಿದವರು, ಲೆಕ್ಕ ಹಾಕಿ ಹಡಗು ನಡೆಸುವವರು. ತಾವು ಮಾತಾಡುತ್ತಿರುವ ಹುಡುಗ ತಮ್ಮ ಮೊಣಕೈ ಪಕ್ಕದಲ್ಲೇ ಇದ್ದಾನೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಎಂಟು ತಿಂಗಳಲ್ಲಿ ಅವನು ತನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಕಲಿತಿದ್ದ.

"ನಿಂಗೆ ಆಗ ಏನನ್ನಿಸ್ತು?" ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. "ಏನೂ ಅನ್ನಿಸ್ಲಿಲ್ಲ ಅಕ್ಕ" ಎನ್ನುತ್ತಾನೆ. "ಕೈ ಕೆಳಗೆ ಹಾಕಿ ಮಲಗಿದ್ರೆ ಜೋಮು ಹಿಡಿಯತ್ತಲ್ಲ, ಹಾಗೆ. ಇಡೀ ಮೈಗೆ."

ಊಟ ಮುಗಿದ ಮೇಲೆ ಪ್ಯಾಂಟ್ರಿಯಲ್ಲಿ ಚಮಚಗಳನ್ನು ಒರೆಸುತ್ತ, ಜೊತೆಯಲ್ಲಿದ್ದ ಹಿರಿಯ ಸ್ಟೀವರ್ಡನ್ನು ಕೇಳಿದ. ಅವನನ್ನು ಎಲ್ಲರೂ ದೊಡ್ಡಣ್ಣ ಅನ್ನುತ್ತಿದ್ದರು.

"ದೊಡ್ಡಣ್ಣ, ಮೇಜಲ್ಲಿ ನಮ್ಮ ವಿಷಯಾನೇ ಮಾತಾಡಿದ್ರೆ?"

"ಮಾತಾಡ್ಲಿ. ನಿಂಗೇನಂತೆ?"

"ಅಲ್ಲ, ಮುಖ್ಯವಾದದ್ದು ಏನಾದ್ರೂ ಇದ್ರೆ? ಹೋಗಿ ಕೇಳಬಹುದಾ?"

ದೊಡ್ಡಣ್ಣ ಚಮಚವನ್ನು ಬೆಳಕಿಗೆ ಹಿಡಿದು ನೋಡಿದ. "ಹೋದ ವರ್ಷ ನಿನ್ನ ಜಾಗದಲ್ಲಿ ಒಬ್ಬ ಇದ್ದ. ತನಗೆ ವರ್ಗ ಅಂತ ಮೇಜಲ್ಲಿ ಕೇಳಿಸ್ಕೊಂಡು ಸಾಹೇಬ್ರ ಹತ್ರ ಹೋಗಿ ಬೇಡ ಅಂತ ಬೇಡ್ಕೊಂಡ. ನಿಂಗ್ಯಾರು ಹೇಳಿದ್ದು ಅಂತ ಒಂದೇ ಮಾತು. ಮೂರನೇ ದಿನ ಉಗ್ರಾಣಕ್ಕೆ ಹಾಕಿದ್ರು. ಈಗ್ಲೂ ಅಲ್ಲೇ ಈರುಳ್ಳಿ ಮೂಟೆ ಹೊರ್ತಿದ್ದಾನೆ. ಯಾಕೆ, ಏನಾದ್ರೂ ಕೇಳಿಸ್ತಾ?"

"ಇಲ್ಲ" ಅಂದ ನನ್ನ ತಮ್ಮ.

ಅಲ್ಲಿಂದ ಅವನ ತಲೆಯಲ್ಲಿ ಒಂದೇ ಲೆಕ್ಕ ಓಡಿತು. ಹೇಗಿದ್ದರೂ ಗುರುವಾರದವರೆಗೆ ದಡವಿಲ್ಲ. ಬಾಯಿ ಬಿಟ್ಟರೆ ಕೆಲಸವೂ ಹೋಗುತ್ತದೆ, ಅಮ್ಮನ ಮುಖವೂ ಸಿಗುವುದಿಲ್ಲ. ಬಾಯಿ ಮುಚ್ಚಿಕೊಂಡರೆ ಗುರುವಾರ ಎರಡೂ ಸಿಗಬಹುದು. ಅಮ್ಮ ಗುರುವಾರದವರೆಗೆ ಇರಬೇಕು, ಅಷ್ಟೆ. ಭಾನುವಾರದ ಮಟ್ಟಿಗೆ ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದನ್ನು ನಾನೂ ಒಪ್ಪುತ್ತೇನೆ.

ಸೋಮವಾರ ಸಮುದ್ರ ಎದ್ದಿತ್ತು. ಮೇಜಿನ ಬಟ್ಟೆಗೆ ನೀರು ಚಿಮುಕಿಸಿದ. ಅರ್ಧ ಬಟ್ಟಲು ಚಹಾ ಕೊಟ್ಟ. ಬಿಡುವಾದಾಗ ಪ್ಯಾಂಟ್ರಿಯ ಸಣ್ಣ ಕನ್ನಡಿಯ ಮುಂದೆ ನಿಂತು ಗುರುವಾರಕ್ಕೆ ಬೇಕಾದ ಮುಖ ಅಭ್ಯಾಸ ಮಾಡಿದ. ಮೊದಲ ಸಲ ಸುದ್ದಿ ಕೇಳಿದವನ ಮುಖ. ಕಣ್ಣು ಸ್ವಲ್ಪ ಅಗಲವಾಗಬೇಕು, ಬಾಯಿ ಸ್ವಲ್ಪ ತೆರೆಯಬೇಕು, "ಯಾವಾಗ ಸರ್?" ಎಂದು ಕೇಳಬೇಕು. ಇದನ್ನು ಹೇಳಿದಾಗ ನಾನು ಅವನ ಬೆನ್ನಿಗೆ ಒಂದು ಗುದ್ದಿದೆ. ಅವನಿಗೆ ಅದೂ ನೋವಾದ ಹಾಗೆ ಕಾಣಲಿಲ್ಲ.

ಮಂಗಳವಾರ ಅವನ ಲೆಕ್ಕ ತಲೆಕೆಳಗಾಯಿತು. ಹಡಗಿನ ಒಂದು ಪಂಪು ಕೆಟ್ಟು, ಅದರ ಬಿಡಿಭಾಗ ಹೊತ್ತುಕೊಂಡು ಬೆಳಿಗ್ಗೆ ಹತ್ತಕ್ಕೆ ದಡದಿಂದ ಒಂದು ಸರಕಿನ ದೋಣಿ ಬಂತು. ಯಾರೂ ಎಣಿಸಿರಲಿಲ್ಲ. ದೋಣಿಯ ಯಜಮಾನನನ್ನು ಊಟದ ಮನೆಗೆ ಕರೆದು ಚಹಾ ಕೊಟ್ಟರು. ಗಡಿಯಾರ ಸಾಹೇಬರೂ ಇನ್ನಿಬ್ಬರು ಕಿರಿಯ ಅಧಿಕಾರಿಗಳೂ ಇದ್ದರು. ಡಾಕ್ಟರು ಇರಲಿಲ್ಲ, ಯಾರದೋ ಉಳುಕಿದ ಕಾಲು ಕಟ್ಟುತ್ತಿದ್ದರು. ನನ್ನ ತಮ್ಮ ಚಹಾ ಸುರಿಯುತ್ತಿದ್ದ.

"ನಂದು ಮೂರು ಗಂಟೆಗೆ ವಾಪಸ್ಸು" ಎಂದ ದೋಣಿಯ ಯಜಮಾನ. "ರಾತ್ರಿ ಒಂಬತ್ತಕ್ಕೆ ದಡ ಮುಟ್ಟತ್ತೆ. ಎರಡು ಹಾಸಿಗೆ ಖಾಲಿ ಇದೆ. ಯಾರಾದ್ರೂ ಬರೋರಿದ್ದಾರಾ?"

ಗಡಿಯಾರ ಸಾಹೇಬರು ಬಿಸ್ಕತ್ತು ಮುರಿಯುತ್ತ ಒಂದು ಕ್ಷಣ ಯೋಚಿಸಿದರು. ನಿಜವಾಗಿ ಯೋಚಿಸಿದರು, ತಮ್ಮ ನೋಡುತ್ತಲೇ ಇದ್ದ.

"ಯಾರೂ ಇಲ್ಲ. ಟಪಾಲು ಚೀಲ ಒಂದಿದೆ, ತಗೊಂಡು ಹೋಗಿ."

ನನ್ನ ತಮ್ಮ ದೋಣಿಯ ಯಜಮಾನನ ಬಳಿ ಬಾಗಿ, "ಇನ್ನೂ ಸ್ವಲ್ಪ ಹಾಕ್ಲಾ ಸರ್?" ಎಂದು ಕೇಳಿದ. ಆ ಮೇಜಿನ ಹತ್ತಿರ ಅವನು ಆಡಿದ ಮಾತು ಅದೊಂದೇ.

ಹತ್ತೂವರೆಯಿಂದ ಮೂರರವರೆಗೆ ನಾಲ್ಕೂವರೆ ಗಂಟೆ. ಅವನು ಗಡಿಯಾರ ಸಾಹೇಬರ ಕೋಣೆಯ ಕಡೆಗೆ ಎರಡು ಸಲ ಹೋದ. ಮೊದಲ ಸಲ ಬಾಗಿಲು ಮುಚ್ಚಿತ್ತು, ತಟ್ಟದೆ ಬಂದ. ಎರಡನೆಯ ಸಲ ತೆರೆದಿತ್ತು. ಸಾಹೇಬರು ಏನೋ ಬರೆಯುತ್ತಿದ್ದರು. ಬಾಗಿಲಲ್ಲಿ ನೆರಳು ಕಂಡು ತಲೆಯೆತ್ತಿದರು.

"ಏನು?"

"ಕಾಫಿ ಬೇಕಾ ಸರ್?"

"ಬೇಡ" ಎಂದು ಮತ್ತೆ ಬರೆಯತೊಡಗಿದರು.

ಇದನ್ನು ಕೇಳಿದ ದಿನ ನಾನು ಹಣೆ ಹಣೆ ಚಚ್ಚಿಕೊಂಡೆ. ಅಯ್ಯೋ ಬೆಪ್ಪೇ, ಬಾಗಿಲ ತನಕ ಹೋದವನು ಒಂದು ಸುಳ್ಳಾದರೂ ಹೇಳಬಾರದಿತ್ತೆ? ಕೆಟ್ಟ ಕನಸು ಬಿತ್ತು ಅನ್ನು, ಹೊಟ್ಟೆ ನೋವು ಅನ್ನು. "ಆ ಬಾಗಿಲಲ್ಲಿ ನಿಂತ್ರೆ ಬೇರೆ ಮಾತೇ ಬರ್ತಿರ್ಲಿಲ್ಲ ಅಕ್ಕ. ಬೇಕಾ ಸರ್, ಬೇಡ್ವಾ ಸರ್, ಅಷ್ಟೇ ಬರ್ತಿತ್ತು" ಅಂದ. ಮೂರು ಗಂಟೆಗೆ ದೋಣಿ ಹೊರಟಿತು. ಅವನು ಪ್ಯಾಂಟ್ರಿಯ ದುಂಡು ಕಿಟಕಿಯಿಂದ ನೋಡಿದ. ನಾಲ್ಕಕ್ಕೆ ಮತ್ತೆ ಚಹಾದ ಹೊತ್ತು, ಬಟ್ಟಲುಗಳನ್ನು ಜೋಡಿಸಿದ.

ಬುಧವಾರದ ಔತಣ ಚೆನ್ನಾಗಿಯೇ ನಡೆಯಿತಂತೆ. ಇಪ್ಪತ್ತನಾಲ್ಕು ತಟ್ಟೆ, ಒಂದು ಹನಿ ಚೆಲ್ಲಲಿಲ್ಲ. ಅತಿಥಿಗಳಲ್ಲಿ ಹಿರಿಯರೊಬ್ಬರು ಏಳುವಾಗ, "ಈ ಹುಡುಗ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ" ಎಂದು ಕ್ಯಾಪ್ಟನ್ನರಿಗೆ ಹೇಳಿದರು. ಆ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಊಟಕ್ಕೆ ಕೂತದ್ದು ಹನ್ನೆರಡಕ್ಕೆ. ಅಮ್ಮ ಹೋದದ್ದು ಹನ್ನೆರಡು ಹತ್ತಕ್ಕೆ. ಅವನು ಸೂಪು ಬಡಿಸುತ್ತಿದ್ದಿರಬೇಕು.

ನಾವು ಗುರುವಾರ ಬೆಳಿಗ್ಗೆ ಎಲ್ಲ ಮುಗಿಸಿದೆವು. ಒಂದು ದಿನ ಕಾಯೋಣ ಎಂದು ನಾನು ಅಂದೆ. "ಹಡಗು ಎಲ್ಲಿದೆಯೋ ಏನೋ. ಅವಳನ್ನ ಹಾಗೆ ಇಟ್ಕೊಂಡು ಕೂರೋದು ಬೇಡ" ಅಂದ ಅಪ್ಪ. ನನಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಅಳುವೂ ಬರಲಿಲ್ಲ. ಯಾರೋ ಬಂದರು, ಯಾರೋ ಹೋದರು, ನಾನು ಕುರ್ಚಿಗಳನ್ನು ಎಳೆದು ಹಾಕುತ್ತಿದ್ದೆ.

ಅದೇ ಗುರುವಾರ ಮಧ್ಯಾಹ್ನ ಹಡಗು ದಡಕ್ಕೆ ಬಂತು. ಹಗ್ಗ ಕಟ್ಟಿದ ತಕ್ಷಣ ಗಡಿಯಾರ ಸಾಹೇಬರು ಅವನನ್ನು ಕೋಣೆಗೆ ಕರೆದರು. ಕೊಟ್ಟ ಮಾತು ತಪ್ಪುವವರಲ್ಲ.

"ಕೂತ್ಕೋ" ಅಂದರು.

ಅವನು ಆ ಕೋಣೆಯಲ್ಲಿ ಎಂದೂ ಕೂತವನಲ್ಲ. ಕುರ್ಚಿಯ ತುದಿಯಲ್ಲಿ ಕೂತ.

"ನಿಮ್ಮ ತಾಯಿಗೆ ಹುಷಾರಿಲ್ಲ ಅಂತ ಭಾನುವಾರ ಸಂದೇಶ ಬಂದಿತ್ತು. ನಾನು ಹೇಳಲಿಲ್ಲ. ನಿನ್ನೆ ಸಂಜೆ ಇನ್ನೊಂದು ಬಂತು." ಸಾಹೇಬರು ಮೇಜಿನ ಮೇಲಿದ್ದ ಪೆನ್ನನ್ನು ಸರಿಸಿದರು. "ನಿನ್ನೆ ಮಧ್ಯಾಹ್ನ ತೀರಿಕೊಂಡ್ರು."

ಹುಷಾರಿಲ್ಲ ಎನ್ನುವ ಸುದ್ದಿಗೆಂದು ಅವನು ತಯಾರು ಮಾಡಿಟ್ಟುಕೊಂಡಿದ್ದ ಮುಖ ತಾನಾಗಿ ಬಂತು. ಕಣ್ಣು ಸ್ವಲ್ಪ ಅಗಲ, ಬಾಯಿ ಸ್ವಲ್ಪ ತೆರೆದದ್ದು. "ಯಾವಾಗ ಸರ್?" ಎಂದು ಕೇಳಿಯೂಬಿಟ್ಟ. ಆಗ ತಾನೇ ಹೇಳಿದ್ದರು. ಅದು ಅಭ್ಯಾಸ ಮಾಡಿದ ಮುಖ ಎಂದು ಅವನಿಗೆ ಗೊತ್ತಿತ್ತು. ಅದರ ಹಿಂದೆ ಬೇರೆ ಮುಖ ಹುಡುಕಿದರೆ ಸಿಗಲಿಲ್ಲ.

ಸಾಹೇಬರು ಅವನನ್ನೇ ನೋಡುತ್ತ ಕೂತರು. ಏನೋ ನೆನಪಾದವರ ಹಾಗೆ ನಿಧಾನವಾಗಿ ಕೇಳಿದರು.

"ಭಾನುವಾರ ಮಧ್ಯಾಹ್ನ ಸೂಪು ಬಡಿಸಿದ್ದು ಯಾರು?"

"ನಾನೇ ಸರ್."

"ಮಂಗಳವಾರ ಚಹಾ?"

"ನಾನೇ ಸರ್."

ಸಾಹೇಬರು ಪೆನ್ನನ್ನು ಮತ್ತೆ ಮೊದಲಿದ್ದ ಜಾಗಕ್ಕೆ ಸರಿಸಿದರು. "ಆ ದೋಣಿಯವನು ಕೇಳಿದಾಗ ನಂಗೆ ನೆನಪೇ ಆಗ್ಲಿಲ್ಲ. ದೇವರಾಣೆ ನೆನಪಾಗ್ಲಿಲ್ಲ. ನೀನು ಯಾಕೆ ಹೇಳ್ಲಿಲ್ಲ?"

"ಕೇಳಿಸ್ಕೋಬಾರದು ಅಂತಿದೆ ಸರ್."

ಅವರು ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಅವರಿಗೆ ಅಳು ಬಂದಿತ್ತು ಎಂದು ತಮ್ಮ ಹೇಳುತ್ತಾನೆ. ಇರಬಹುದು. ರಜೆಯ ಚೀಟಿ ತಾವೇ ಬರೆದುಕೊಟ್ಟರು, ಬಸ್ ನಿಲ್ದಾಣಕ್ಕೆ ತಮ್ಮದೇ ವಾಹನ ಕಳಿಸಿದರು. ಆಮೇಲೆ ವರ್ಷದ ವರದಿ ಬರೆಯುವಾಗ ಅವನನ್ನು ಕ್ಯಾಪ್ಟನ್ನರ ಸ್ವಂತ ಊಟದ ಮೇಜಿಗೆ ಶಿಫಾರಸು ಮಾಡಿದರು. ಹೊಸಬರಿಗೆ ಅಷ್ಟು ಬೇಗ ಸಿಗುವ ಜಾಗವಲ್ಲ ಅದು. ನನ್ನ ತಮ್ಮನ ಉದ್ಯೋಗ ಚಿಗುರಿದ್ದು ಹೀಗೆ. ಮುಂದೆ ದೊಡ್ಡ ದೊಡ್ಡ ಅಧಿಕಾರಿಗಳ ಬಂಗಲೆಗಳಲ್ಲಿ, ಹೊರದೇಶದ ಅತಿಥಿಗಳ ಔತಣಗಳಲ್ಲಿ ಇಪ್ಪತ್ತಮೂರು ವರ್ಷ ಬಡಿಸಿದ. ಅವನ ಕೋಟಿನ ಮೇಲೆ ಎರಡು ಪದಕಗಳಿವೆ.

ಶುಕ್ರವಾರ ಬೆಳಿಗ್ಗೆ ಮನೆಗೆ ಬಂದ. ಕೈಯಲ್ಲಿ ಸಣ್ಣ ಚೀಲ, ಗಡ್ಡ ನುಣ್ಣಗೆ ಬೋಳಿಸಿತ್ತು. ಅಪ್ಪ ಒಳಕೋಣೆಯಲ್ಲಿ ಮಲಗಿದ್ದ. ಅಡುಗೆಮನೆಯ ಮಣೆಯ ಮೇಲೆ ಕೂರಿಸಿ ನೀರು ಕೊಟ್ಟೆ. ಅಳುತ್ತಾನೆ ಎಂದು ಕಾದೆ. ಅಳಲಿಲ್ಲ. ಗರ ಬಡಿದವನ ಹಾಗೆ ಲೋಟ ಹಿಡಿದುಕೊಂಡು ಕೂತ. ಪಾಪ, ಕೊನೆಗೆ ಮುಖವೂ ನೋಡಲಾಗಲಿಲ್ಲವಲ್ಲ ಎಂದುಕೊಂಡೆ. ಸಮಾಧಾನಕ್ಕೆಂದು ಹೇಳಿದೆ.

"ನೀನೇನೂ ಮನಸ್ಸಿಗೆ ಹಚ್ಕೋಬೇಡ ಕಣೋ. ಅಮ್ಮನಿಗೆ ನಿನ್ನ ಮೇಲೆ ಬೇಜಾರಿರ್ಲಿಲ್ಲ. ಬಾಗಿಲು ಸದ್ದಾದಾಗೆಲ್ಲ ಬಂದ್ನಾ ಅಂತ ಕೇಳ್ತಿದ್ಲು. ಸುದ್ದಿ ಇನ್ನೂ ಮುಟ್ಟಿಲ್ಲಮ್ಮ, ಹಡಗು ದೂರದಲ್ಲಿದೆ ಅಂದೆ. ಹೌದು ಬಿಡು, ಮುಟ್ಟಿದ್ರೆ ಬರದೆ ಇರ್ತಿದ್ನಾ ಅಂದ್ಲು. ಹಾಗಂದು ನಿಶ್ಚಿಂತೆಯಾಗಿ ಕಣ್ಮುಚ್ಚಿದ್ಲು."

ಅವನು ಲೋಟ ಕೆಳಗಿಟ್ಟ.

"ಮುಟ್ಟಿತ್ತು ಅಕ್ಕ. ಭಾನುವಾರಾನೇ ಮುಟ್ಟಿತ್ತು."

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವನು ಭಾನುವಾರದ ಮೇಜು ಹೇಳಿದ, ಮಂಗಳವಾರದ ದೋಣಿ ಹೇಳಿದ. ಮೂರೇ ನಿಮಿಷದಲ್ಲಿ ಹೇಳಿ ಮುಗಿಸಿದ, ಬೇರೆ ಯಾರದೋ ಕಥೆ ಹೇಳಿದ ಹಾಗೆ.

"ಆ ದೋಣಿ ಹತ್ತಿದ್ರೆ ಯಾವಾಗ ಬಂದಿರ್ತಿದ್ದೆ?" ಎಂದು ಕೇಳಿದೆ.

"ಬುಧವಾರ ಬೆಳಗಿನ ಜಾವ."

"ಬುಧವಾರ ಬೆಳಿಗ್ಗೆ ಎಂಟರ ತನಕ ಮಾತಾಡ್ತಿದ್ಲು" ಅಂದೆ.

ಹೇಳಬಾರದಿತ್ತು. ಹೇಳಬೇಕೆಂದೇ ಹೇಳಿದೆ. ಚುಚ್ಚಲಿ ಎಂದೇ ಹೇಳಿದೆ. ಅವನು ಹೌದಾ ಎಂಬಂತೆ ತಲೆಯಾಡಿಸಿದ. ಒಳಕೋಣೆಯಲ್ಲಿ ಅಪ್ಪ ಕೆಮ್ಮಿದ ಸದ್ದು ಕೇಳಿಸಿತು. ನಾನು ಎದ್ದು ಅಡುಗೆಮನೆಯ ಬಾಗಿಲು ಹಾಕಿ ಬಂದೆ.

"ಇದನ್ನ ಅಪ್ಪನಿಗೆ ಹೇಳ್ಬೇಡ" ಅಂದೆ.

"ಇಲ್ಲ" ಅಂದ.

ಅದಾಗಿ ಇಪ್ಪತ್ತೈದು ವರ್ಷವಾಯಿತು. ತಮ್ಮ ನಿವೃತ್ತನಾಗಿ ನಮ್ಮ ಜೊತೆಗೇ ಇದ್ದಾನೆ. ಅಪ್ಪನಿಗೆ ಈಗ ವಯಸ್ಸಾಗಿದೆ, ಅಂಗಡಿ ಮುಚ್ಚಿದ್ದೇವೆ, ಆದರೆ ವಯಸ್ಸಿನ ಜೊತೆ ಮಾತು ಹೆಚ್ಚಾಗಿದೆ. ಮನೆಗೆ ಯಾರು ಬಂದರೂ ಗೋಡೆಯ ಮೇಲಿನ ಅಮ್ಮನ ಫೋಟೋ ತೋರಿಸುತ್ತಾನೆ, ಆಮೇಲೆ ಮಗನ ಪದಕ ತೋರಿಸುತ್ತಾನೆ.

"ಅವಳು ಹೋದಾಗ ಇವನು ಸಮುದ್ರದ ನಡುವೆ ಇದ್ದ. ಸುದ್ದಿ ಮುಟ್ಲೇ ಇಲ್ಲ. ಮುಟ್ಟಿದ್ರೆ ನನ್ನ ಮಗ ಬರದೆ ಇರ್ತಿದ್ನಾ?" ಎನ್ನುತ್ತಾನೆ. ಆಮೇಲೆ "ಅಲ್ವೇನೇ?" ಎಂದು ನನ್ನ ಕಡೆ ತಿರುಗುತ್ತಾನೆ.

ತಮ್ಮ ಅಲ್ಲೇ ಕೂತಿರುತ್ತಾನೆ.

"ಹೌದಪ್ಪ" ಎನ್ನುತ್ತೇನೆ ನಾನು.